ಬಿಯರ್ ಲೋಟದಿಂದ ಕಾಫಿ ಬಟ್ಟಲಿಗೆ: ರುಚಿ ನೋಡಿ ಹೋಲಿಸುವ ಪಾಠ



ಈ ಸಂಚಿಕೆಯ ಅಭ್ಯಾಸ ಲೇಖನದ ಹೆಸರು ನೋಡಿ ಕೆಲವರು ಹುಬ್ಬೇರಿಸಬಹುದು. ಕಾಫಿ ಮತ್ತು ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಬಿಯರ್‌ಗೇನು ಕೆಲಸ ಎಂದು ಕೇಳುವುದು ಸಹಜ. ಕುಡಿತವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಒಂದು ಕಸುಬಿನವರು ತಮ್ಮ ಸರಕನ್ನು ಹೇಗೆ ರುಚಿ ನೋಡುತ್ತಾರೆ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೇಗೆ ಹೋಲಿಸುತ್ತಾರೆ ಎಂಬುದನ್ನು ಕಲಿತು, ಅದನ್ನು ನಮ್ಮ ಕಾಫಿಗೆ ಅನ್ವಯಿಸುವುದೇ ಈ ಪಾಠದ ಗುರಿ.

ಇದರ ಅಗತ್ಯ ನಮಗೆ ಮನವರಿಕೆಯಾದದ್ದು ಒಂದು ಅವಮಾನದಿಂದ. ನಮ್ಮ ಅಭ್ಯಾಸ ಗುಂಪಿನ ಸದಸ್ಯರೊಬ್ಬರ ಅರೇಬಿಕಾ ಪಾರ್ಚ್‌ಮೆಂಟಿಗೆ ವ್ಯಾಪಾರಿಯೊಬ್ಬರು "ಕಪ್ ಸರಿಯಿಲ್ಲ" ಎಂದು ಹೇಳಿ ಬೆಲೆ ಇಳಿಸಿದರು. ತೇವಾಂಶ ಸರಿಯಿತ್ತು, ಔಟ್‌ಟರ್ನ್ ಸರಿಯಿತ್ತು, ಕಣ್ಣಿಗೆ ಕಾಣುವ ಕುಂದು ಯಾವುದೂ ಇರಲಿಲ್ಲ. ಆದರೆ ಆ ಮಾತಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಏಕೆಂದರೆ ಆ ಕಾಫಿಯನ್ನು ಬೆಳೆದ ನಾವು ಅದನ್ನು ಕುಡಿದೇ ಇರಲಿಲ್ಲ. ಮನೆಯಲ್ಲಿ ನಾವು ಕುಡಿಯುವುದು ಪೇಟೆಯಿಂದ ತಂದ, ಚಿಕೋರಿ ಬೆರೆಸಿದ ಪುಡಿ. ವ್ಯಾಪಾರಿ ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ನಮ್ಮ ಬಳಿ ನಾಲಗೆ ಇತ್ತು, ಆದರೆ ವಿಧಾನ ಇರಲಿಲ್ಲ.

ಶಹಾಬಜಾರದ ಮೂರು ಗಡಿಗೆಗಳು

ಇದಾದ ಕೆಲವು ತಿಂಗಳಿಗೆ, ನಮ್ಮ ಅಡಿಕೆ ಬಯಲುಸೀಮೆಯ ಪೇಟೆಗಳಲ್ಲಿ ಹೇಗೆ ಮಾರಾಟವಾಗುತ್ತದೆ ಎಂದು ನೋಡಲು ನಾವು ಕೆಲವರು ಕಲಬುರಗಿಗೆ ಹೋದೆವು. ಶಹಾಬಜಾರದಲ್ಲಿ ಪರಿಚಿತರ ಮನೆಯಲ್ಲಿ ಇಳಿದುಕೊಂಡಿದ್ದೆವು. ಬಿಸಿಲಿನ ಕಾಲ. ಬೆಳಗ್ಗೆ ಎದ್ದಾಗ ಆ ಮನೆಯ ಹಿರಿಯ ತಾಯಿ ಜೋಳದ ಅಂಬಲಿ ಕೊಟ್ಟರು. ಜೋಳದ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿ ಹುಳಿಯಲು ಬಿಟ್ಟು, ಬೆಳಗ್ಗೆ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸುವ ಅಂಬಲಿ ಅದು.

ಅಡುಗೆಮನೆಯ ಮೂಲೆಯಲ್ಲಿ ಮೂರು ಗಡಿಗೆಗಳಿದ್ದವು. ತಾಯಿ ಒಂದೊಂದರ ಬಾಯಿಗೂ ಮೂಗು ಹಿಡಿದು, ಒಂದನ್ನು ಒಲೆಯ ಬಳಿ ಇಟ್ಟರು, ಒಂದನ್ನು ಹಾಗೆಯೇ ಬಿಟ್ಟರು, ಒಂದನ್ನು ದನದ ಬಾನಿಗೆ ಸುರಿಯಲು ಹೇಳಿದರು. ನಮಗೆ ಮೂರೂ ಒಂದೇ ಹುಳಿ ವಾಸನೆ. ಹೇಗೆ ಗೊತ್ತಾಗುತ್ತದಮ್ಮಾ ಎಂದು ಕೇಳಿದೆವು.

"ಒಂದೇ ಗಡಿಗಿ ಮೂಸಿ ನೋಡಿದ್ರ ಏನೂ ಗೊತ್ತಾಗಂಗಿಲ್ರಿ. ಬಾಜೂಕ ಇನ್ನೊಂದು ಇಟ್ಟು ನೋಡ್ರಿ, ಆಗ ಅದೇ ಹೇಳ್ತದ" ಎಂದರು.

ಹಾಗೆಯೇ ಮಾಡಿದೆವು. ಮೊದಲನೆಯದರಲ್ಲಿ ಮೊಸರಿನ ಹುಳಿ. ಎರಡನೆಯದು ಇನ್ನೂ ಹಸಿ ಹಿಟ್ಟಿನ ವಾಸನೆ ಬಿಟ್ಟಿರಲಿಲ್ಲ. ಮೂರನೆಯದರಲ್ಲಿ ಮೂಗಿಗೆ ಚುಚ್ಚುವ ಕಾಡಿಯ ಘಾಟು. ಒಂದರ ಪಕ್ಕ ಒಂದು ಇಟ್ಟ ಕೂಡಲೇ ವ್ಯತ್ಯಾಸ ಎದ್ದು ಕಂಡಿತು. ಆ ತಾಯಿಯ ಮಾತೇ ಈ ಪಾಠದ ಮೂಲ ಸೂತ್ರ. ಅದನ್ನೇ ಶಾಸ್ತ್ರಬದ್ಧವಾಗಿ ಬೆಳೆಸಿದವರು ಬಿಯರ್ ತಯಾರಕರು. ಕಲಬುರಗಿಯಿಂದ ರೈಲಿನಲ್ಲಿ ಹಿಂದಿರುಗುವಾಗ ಬೆಂಗಳೂರಿನಲ್ಲಿ ಎರಡು ದಿನ ಉಳಿದು, ಅವರ ಕ್ರಮವನ್ನು ನೋಡಿಕೊಂಡು ಬಂದೆವು.

ಬಿಯರ್ ಎಂದರೇನು

ಬಿಯರ್‌ಗೆ ಬೇಕಾದುದು ನಾಲ್ಕೇ ವಸ್ತುಗಳು: ನೀರು, ಮೊಳಕೆ ಬರಿಸಿದ ಧಾನ್ಯ, ಹಾಪ್ಸ್ ಎಂಬ ಬಳ್ಳಿಯ ಹೂ ಮತ್ತು ಯೀಸ್ಟ್. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಹೊರಟ ರಾಜಾಜ್ಞೆಯು ಬಾರ್ಲಿ, ಹಾಪ್ಸ್ ಮತ್ತು ನೀರು ಈ ಮೂರನ್ನೇ ಬಳಸಬೇಕೆಂದು ವಿಧಿಸಿತು. ಯೀಸ್ಟ್ ಎಂಬ ಜೀವಿಯ ಕೆಲಸ ಆಗಿನ್ನೂ ಜನರಿಗೆ ತಿಳಿದಿರಲಿಲ್ಲ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳಕೆಯ ಕಾಲದಲ್ಲಿ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಹೊರಬಿಡುತ್ತದೆ. ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸಿದ್ದು ಏಲ್ ಜಾತಿ. 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ್ದು ಲಾಗರ್ ಜಾತಿ. ಬಿಸಿಯಲ್ಲಿ ಹುದುಗಿದ್ದಕ್ಕೆ ಹಣ್ಣಿನ ಪರಿಮಳ ಹೆಚ್ಚು, ತಂಪಿನಲ್ಲಿ ಹುದುಗಿದ್ದಕ್ಕೆ ಶುಭ್ರವಾದ ಸಪ್ಪೆ ರುಚಿ. ನಮ್ಮ ಪಲ್ಪರ್ ಮನೆಯ ತೊಟ್ಟಿಯಲ್ಲೂ ಇದೇ ಬಗೆಯ ಸೂಕ್ಷ್ಮಜೀವಿಗಳು ಕಾಫಿಯ ಲೋಳೆಯನ್ನು ಕರಗಿಸುತ್ತವೆಂಬುದನ್ನು ಓದುಗರು ನೆನಪಿಡಬೇಕು. ಬೆಚ್ಚನೆಯ ದಿನ ಬೇಗ, ಚಳಿಯ ದಿನ ತಡ.

ಇನ್ನೊಂದು ಸಂಬಂಧವೂ ಉಂಟು. 1817ರಲ್ಲಿ ಡೇನಿಯಲ್ ವೀಲರ್ ಎಂಬ ಆಂಗ್ಲನು ಮಾಲ್ಟನ್ನು ಕಪ್ಪಾಗುವಂತೆ ಹುರಿಯುವ ತಿರುಗುವ ಡ್ರಮ್ಮಿಗೆ ಹಕ್ಕುಪತ್ರ ಪಡೆದನು. ಅದರ ರೂಪ ಕಾಫಿ ಹುರಿಯುವ ಡ್ರಮ್ಮಿನದೇ. ಸ್ಟೌಟ್ ಮತ್ತು ಪೋರ್ಟರ್ ಎಂಬ ಕಪ್ಪು ಬಿಯರ್‌ಗಳಲ್ಲಿ ಒಂದು ಹನಿ ಕಾಫಿ ಇಲ್ಲದಿದ್ದರೂ ಕಾಫಿಯ ಪರಿಮಳ ಬರುವುದು ಈ ಹುರಿದ ಧಾನ್ಯದಿಂದ.

ಧಾನ್ಯ ಬಾರ್ಲಿಯೇ ಆಗಬೇಕೆಂದೂ ಇಲ್ಲ. ಆಫ್ರಿಕಾದ ಹಲವು ಭಾಗಗಳಲ್ಲಿ ಜೋಳದ ಬಿಯರ್ ಹಳೆಯ ಮನೆಯ ಪಾನೀಯ. ನೈಜೀರಿಯಾ ಸರ್ಕಾರ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳು ತಮ್ಮ ನಾಡಿನ ಜೋಳ ಮತ್ತು ಮೆಕ್ಕೆಜೋಳಕ್ಕೆ ತಿರುಗಿದವು. ಕಲಬುರಗಿಯ ಗಡಿಗೆಯಲ್ಲಿ ಅಂಬಲಿಯಾಗುವ ಧಾನ್ಯ ಇನ್ನೊಂದು ಖಂಡದಲ್ಲಿ ಬಿಯರ್ ಆಗುತ್ತದೆ. ಅಂಬಲಿಯಲ್ಲಿ ಹುಳಿ ತರುವ ಬ್ಯಾಕ್ಟೀರಿಯ ಮುಂದಾಗಿರುತ್ತದೆ, ಬಿಯರ್‌ನಲ್ಲಿ ಯೀಸ್ಟ್ ಮುಂದಾಗಿರುತ್ತದೆ. ಇದೇ ಮುಖ್ಯ ಭೇದ.

ನಮ್ಮ ರಾಜ್ಯದ ಬ್ರೂವರಿಗಳು

ಕರ್ನಾಟಕಕ್ಕೆ ಬಿಯರ್ ಹೊಸದಲ್ಲ. ಬೆಂಗಳೂರಿನ ದಂಡಿನ ಪ್ರದೇಶದ ಸೈನಿಕರಿಗಾಗಿ 19ನೆಯ ಶತಮಾನದಲ್ಲೇ ಬ್ರೂವರಿಗಳು ಕೆಲಸ ಮಾಡುತ್ತಿದ್ದವು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. 1947ರಲ್ಲಿ ವಿಠ್ಠಲ ಮಲ್ಯ ಅದರ ನಿರ್ದೇಶಕರಾದರು. ದೊಡ್ಡ ಕಾರ್ಖಾನೆಗಳ ಬಿಯರ್ ಬಹುಪಾಲು ಲಾಗರ್ ಜಾತಿಯದು. ಊರಿಂದೂರಿಗೆ, ಬಾಟಲಿಯಿಂದ ಬಾಟಲಿಗೆ ರುಚಿ ಬದಲಾಗಬಾರದು ಎಂಬುದೇ ಅದರ ಗುರಿ.

ಇದಕ್ಕೆ ಬೇರೆಯಾದ ದಾರಿ ಹಿಡಿದವು ಚಿಕ್ಕ ಬ್ರೂವರಿಗಳು. 2010ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಇವು ತಲೆಯೆತ್ತಿದವು. ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡ್ ಕಡೆಯ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್, ಅಮೆರಿಕದ ಮಿಷಿಗನ್ ರಾಜ್ಯದ ಬ್ರೂವರಿಯೊಂದರ ಸಂಬಂಧದಿಂದ ಹುಟ್ಟಿದ ಆರ್ಬರ್ ಮೊದಲಾದವು ಆ ಕಾಲದವು. ಇಲ್ಲಿ ತೊಟ್ಟಿ ಒಂದು ಗೋಡೆಯ ಆಚೆ, ಗಿರಾಕಿ ಈಚೆ. ಬಾರ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಬರುವುದು ರಾಜಸ್ಥಾನದ ಕಡೆಯಿಂದ. ಹಾಪ್ಸ್ ಬಹುಪಾಲು ಹೊರದೇಶದ್ದು. ಆದರೂ ಬಾಸ್ಮತಿ ಅಕ್ಕಿ, ರಾಗಿ, ಬೆಲ್ಲ, ಮಾವು, ಕಾಫಿ ಮುಂತಾದ ನಮ್ಮ ನೆಲದ ಪದಾರ್ಥಗಳನ್ನು ಬಳಸುವ ಪ್ರಯೋಗಗಳು ಇಲ್ಲಿ ನಡೆದಿವೆ.

ಸಣ್ಣ ಬೆಳೆಗಾರರಾದ ನಮಗೆ ಇದು ಪರಿಚಿತ ಕಥೆ. ಕಾಫಿಯ ಪೂಲ್ ವ್ಯವಸ್ಥೆಯಿದ್ದ ಕಾಲದಲ್ಲಿ ಎಲ್ಲರ ಕಾಫಿಯೂ ಮಂಡಳಿಯ ರಾಶಿಗೆ ಸೇರುತ್ತಿತ್ತು. 1996ರಲ್ಲಿ ಅದು ಕೊನೆಗೊಂಡ ಮೇಲೆ ಪ್ರತಿಯೊಬ್ಬನೂ ತನ್ನ ಮೂಟೆಯನ್ನು ತಾನೇ ಮಾರಬೇಕಾಯಿತು. ರಾಶಿಗೆ ಸೇರುವ ಕಾಫಿಗೆ ಸ್ವಂತ ರುಚಿ ಗೊತ್ತಿರದಿದ್ದರೂ ನಡೆಯುತ್ತಿತ್ತು. ತಾನೇ ಮಾರುವವನಿಗೆ ಅದು ನಡೆಯದು.

ರುಚಿ ನೋಡುವ ಕ್ರಮ

ಮೊದಲಿಗೆ ಎಚ್ಚರಿಕೆಯ ಮಾತು. ಮದ್ಯಸಾರ ಆರೋಗ್ಯಕ್ಕೆ ಹಾನಿಕರ, ಕ್ಯಾನ್ಸರ್‌ಗೂ ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ. ತೋಟದ ಲೈನುಗಳಲ್ಲಿ ಸಾರಾಯಿ ಎಷ್ಟು ಮನೆಗಳನ್ನು ಹಾಳುಮಾಡಿತೆಂದು ನಾವು ಕಂಡವರೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದೂ ತಿಳಿದ ವಿಷಯ. ಆದುದರಿಂದ ನಮ್ಮ ಗುಂಪು ಹೀಗೆ ನಿರ್ಧರಿಸಿತು: ಒಂದು ಮಾದರಿಗೆ ಎರಡು ಚಮಚದಷ್ಟು ಮಾತ್ರ, ಬಾಯಲ್ಲಿ ಆಡಿಸಿ ಉಗುಳುವುದು, ಕುಡಿಯದ ಸದಸ್ಯರು ಮೂಸಿ ಮಾತ್ರ ಬರೆಯುವುದು, ವಾಹನ ಓಡಿಸುವವರು ಲೋಟ ಮುಟ್ಟದಿರುವುದು. ಆ ದಿನ ಮೂಸಿ ಮಾತ್ರ ಬರೆದ ಇಬ್ಬರ ಟಿಪ್ಪಣಿಗಳೇ ಎಲ್ಲರಿಗಿಂತ ಚೊಕ್ಕವಾಗಿದ್ದವೆಂದು ಹೇಳಲು ಸಂತೋಷವಾಗುತ್ತದೆ. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ಮೂಗಿನದು.

ಪಾಲಿಸಬೇಕಾದ ನಿಯಮಗಳು:

1. ಎಲ್ಲ ಲೋಟಗಳೂ ಒಂದೇ ಆಕಾರದವು, ಶುದ್ಧವಾದವು ಆಗಿರಬೇಕು. ಸೋಪಿನ ಅಥವಾ ಎಣ್ಣೆಯ ಪಸೆ ಇದ್ದರೆ ನೊರೆ ನಿಲ್ಲುವುದಿಲ್ಲ, ವಾಸನೆಯೂ ಕೆಡುತ್ತದೆ.

2. ಹೆಸರು ಬರೆಯಬಾರದು, ಸಂಕೇತ ಸಂಖ್ಯೆ ಮಾತ್ರ ಇರಬೇಕು. 1, 2, 3 ಎಂದು ಬರೆದರೆ ಮೊದಲನೆಯದು ಉತ್ತಮವೆಂಬ ಭಾವನೆ ಬರಬಹುದು. 417, 852 ಹೀಗೆ ಬರೆಯುವುದು ಲೇಸು.

3. ಹಗುರದಿಂದ ಗಡುಸಿಗೆ ಹೋಗಬೇಕು. ಕಹಿಯಾದುದನ್ನು ಮೊದಲು ಕುಡಿದರೆ ಮುಂದಿನದೆಲ್ಲ ಸಪ್ಪೆ.

4. ತೀರ ತಣ್ಣಗಿದ್ದರೆ ದೋಷ ಅಡಗುತ್ತದೆ. ಲಾಗರ್‌ಗೆ 4ರಿಂದ 7 ಡಿಗ್ರಿ, ಸ್ಟೌಟ್‌ಗೆ 10ರಿಂದ 13 ಡಿಗ್ರಿ ಯೋಗ್ಯ.

5. ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ನಾಲಗೆ. ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಉಳಿಯುವುದನ್ನೂ ಗಮನಿಸಬೇಕು.

6. ನಡುವೆ ನೀರು, ಉಪ್ಪಿಲ್ಲದ ರೊಟ್ಟಿಯ ಚೂರು. ಒಂದು ಗಂಟೆ ಮುಂಚೆಯಿಂದ ಎಲೆ-ಅಡಿಕೆ, ಬೀಡಿ, ಖಾರ ವರ್ಜ್ಯ. ಅಡಿಕೆ ಬೆಳೆಗಾರರಾದ ನಮಗೆ ಇದೇ ಎಲ್ಲಕ್ಕಿಂತ ಕಷ್ಟದ ನಿಯಮವಾಯಿತು!

7. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತನಾಡಕೂಡದು. ಹಿರಿಯರೊಬ್ಬರು "ಆಹಾ" ಎಂದರೆ ಸಾಕು, ಉಳಿದ ಐವರ ನಾಲಗೆಯೂ ಅತ್ತ ವಾಲುತ್ತದೆ.

ಐದು ಲೋಟಗಳ ಹೋಲಿಕೆ

ಈ ಕ್ರಮದಂತೆ ಬೇರೆ ಬೇರೆ ಚಿಕ್ಕ ಬ್ರೂವರಿಗಳ ಐದು ಜಾತಿಗಳನ್ನು ನೋಡಿದೆವು. ಹೆಚ್ಚು ಇಷ್ಟವಾದುದು ಯಾವುದು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಏನಿದೆ ಎಂಬುದನ್ನಷ್ಟೇ ಬರೆದುಕೊಂಡೆವು.

ಲಾಗರ್: ಒಣಹುಲ್ಲಿನ ಬಣ್ಣ, ತಿಳಿ. ಬ್ರೆಡ್ಡಿನ ತೆಳು ವಾಸನೆ, ಬೇಗ ಮಾಯವಾಗುವ ಕಹಿ. ಮರೆಮಾಚಲು ಏನೂ ಇಲ್ಲದ ಕಾರಣ ಇದರಲ್ಲಿ ಸಣ್ಣ ದೋಷವೂ ಬಯಲಾಗುತ್ತದೆ. ಹದವಾಗಿ ಹುರಿದ, ತೊಳೆದ ಅರೇಬಿಕಾದಂತೆ.

ಗೋಧಿ ಬಿಯರ್: ಮಬ್ಬು ಬಣ್ಣ, ದಟ್ಟ ನೊರೆ. ಮೂಗಿಗೆ ಹಿಡಿದ ಕೂಡಲೇ ಬಾಳೆಹಣ್ಣು, ಹಿಂದೆಯೇ ಲವಂಗ. ಇದರಲ್ಲಿ ಬಾಳೆಹಣ್ಣು ಹಾಕಿದ್ದಾರೆಂದು ನಮ್ಮಲ್ಲಿ ಮೂವರು ಬರೆದರು. ಹಾಕಿರಲಿಲ್ಲ. ಯೀಸ್ಟ್ ತಾನೇ ಉಂಟುಮಾಡುವ ಐಸೋಅಮೈಲ್ ಅಸಿಟೇಟ್ ಎಂಬ ವಸ್ತು ಮಾಗಿದ ಬಾಳೆಹಣ್ಣಿನಲ್ಲೂ ಇರುತ್ತದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯ ಕೆಲವು ಹಣ್ಣುಗಳನ್ನು ಕಲಬುರಗಿಯಿಂದ ಕಟ್ಟಿಸಿಕೊಂಡು ಬಂದಿದ್ದೆವು. ಅದರ ಸಿಪ್ಪೆ ಸುಲಿದು ಲೋಟದ ಪಕ್ಕದಲ್ಲಿಟ್ಟು ಮೂಸಿದಾಗ ಎರಡಕ್ಕೂ ಸಾಮಾನ್ಯವಾದ ಎಳೆ ಸ್ಪಷ್ಟವಾಯಿತು. ಹೆಸರಿಲ್ಲದ ವಾಸನೆಗೆ ಹೆಸರು ಕೊಡಬೇಕಾದರೆ ಪರಿಚಿತ ವಸ್ತುವೊಂದನ್ನು ಪಕ್ಕದಲ್ಲಿಡುವುದೇ ಉಪಾಯ.

ಕೆಂಪು ಏಲ್: ತಾಮ್ರದ ಬಣ್ಣ. ಪಾಕಕ್ಕೆ ಬಂದ ಬೆಲ್ಲ, ಸುಟ್ಟ ಚಪಾತಿಯ ಅಂಚು. ಸಿಹಿ ಮುಂದು, ಕಹಿ ಹಿಂದು.

ಐ.ಪಿ.ಎ.: ಹಾಪ್ಸ್ ಹೆಚ್ಚಾಗಿ ಹಾಕಿದ ಏಲ್. ಚಕ್ಕೋತ ಸಿಪ್ಪೆಯ ಘಮ, ನಾಲಗೆಯ ಬುಡದಲ್ಲಿ ನಿಲ್ಲುವ ಕಹಿ. ಕಹಿಯೂ ಒಗರೂ ಬೇರೆ ಬೇರೆ ಎಂದು ಇಲ್ಲಿ ತಿಳಿಯಿತು. ಕಹಿ ಒಂದು ರುಚಿ. ಒಗರು ಬಾಯಿ ಹಿಡಿದಂತಾಗುವ ಸ್ಪರ್ಶ. ಎಳೆ ಅಡಿಕೆ ಅಗಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸ್ಟೌಟ್: ಕಪ್ಪು, ಕಂದು ನೊರೆ. ಹುರಿದ ಕಾಫಿ, ಸಕ್ಕರೆಯಿಲ್ಲದ ಕೋಕೋ. ಹುರಿದ ಧಾನ್ಯದ ಹುಳಿಯೂ ಉಂಟು. ಕಾಫಿಯನ್ನೇ ಸೇರಿಸಿದ ಸ್ಟೌಟ್ ಒಂದನ್ನೂ ಪಕ್ಕದಲ್ಲಿಟ್ಟು ನೋಡಿದೆವು. ನಾಲಗೆಗೆ ಭೇದ ಕಡಿಮೆ, ಮೂಗಿಗೆ ಬಹಳ.

ದೋಷಗಳೇ ಗುರುಗಳು

ಬ್ರೂವರಿಗಳಲ್ಲಿ ಒಳ್ಳೆಯ ರುಚಿಗಿಂತ ಮೊದಲು ಕೆಟ್ಟ ರುಚಿಗಳನ್ನು ಗುರುತಿಸಲು ಕಲಿಸುತ್ತಾರೆ. ಪ್ರತಿ ದೋಷವೂ ಕೆಲಸದ ಒಂದು ಹಂತವನ್ನು ಬೆರಳು ಮಾಡಿ ತೋರಿಸುತ್ತದೆ.

ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್ ಎಂಬ ವಸ್ತು ಉಳಿದಿದೆ. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ. ಕಾಡಿಯ ಹುಳಿ ಬಂದರೆ ಗಾಳಿಯೂ ಬ್ಯಾಕ್ಟೀರಿಯವೂ ಒಳಹೊಕ್ಕಿವೆ. ಬೇಯಿಸಿದ ಎಲೆಕೋಸಿನ ವಾಸನೆಯಾದರೆ ಕುದಿತ ಸಾಲದು. ನೆನೆದ ರಟ್ಟಿನ ವಾಸನೆಯಾದರೆ ಹಳತಾಗಿದೆ, ಗಾಳಿ ತಾಗಿದೆ. ಬಿಸಿಲಿಗಿಟ್ಟ ಬಾಟಲಿಯಲ್ಲಿ ಬೆಳಕು ಹಾಪ್ಸಿನ ಅಂಶವನ್ನು ಒಡೆದು ದುರ್ವಾಸನೆ ತರುತ್ತದೆ. ಕಂದು ಬಾಟಲಿಯ ಗುಟ್ಟು ಇದೇ.

ಕಾಫಿಯಲ್ಲೂ ಹೀಗೆಯೇ. ಕೊಳೆತ ಹಣ್ಣಿನ, ಕಾಡಿಯ ವಾಸನೆ ಬಂದರೆ ತೊಟ್ಟಿಯಲ್ಲಿ ಹುದುಗುವಿಕೆ ಮಿತಿಮೀರಿದೆ ಅಥವಾ ಹಿಂದಿನ ದಿನದ ಕಾಳು ಪಲ್ಪರ್‌ನಲ್ಲೇ ಉಳಿದಿತ್ತು. ಮಣ್ಣಿನ ವಾಸನೆಗೆ ನೆಲದ ಮೇಲೆ ಒಣಗಿಸಿದ್ದು ಕಾರಣ. ಬೂಷ್ಟಿನ ವಾಸನೆಗೆ ಒಣಗುವ ಮೊದಲೇ ಮೂಟೆ ಕಟ್ಟಿದ್ದು ಕಾರಣ. ಗೋಣಿಯ ವಾಸನೆಗೆ ಹಳೆಯ ದಾಸ್ತಾನು ಕಾರಣ. ಹಸಿ ಹುಲ್ಲಿನ ರುಚಿಗೆ ಕಾಯಿ ಕೊಯ್ದದ್ದು ಕಾರಣ. ಆಂತರ್ಯದಲ್ಲಿ ಇವೆಲ್ಲ ಬೈಗುಳಗಳಲ್ಲ, ವಿಳಾಸಗಳು. "ಕಪ್ ಸರಿಯಿಲ್ಲ" ಎಂಬ ಮಾತಿನಿಂದ ನಮಗೆ ಏನೂ ತಿಳಿಯದು; "ಕಾಡಿಯ ವಾಸನೆ" ಎಂದರೆ ಯಾವ ತೊಟ್ಟಿಗೆ ಹೋಗಿ ನೋಡಬೇಕೆಂದು ತಿಳಿಯುತ್ತದೆ. ಅಡಿಕೆಯ ವಿಷಯದಲ್ಲಿ ಬಾಯಿಗೆ ಹಾಕುವ ಪ್ರಶ್ನೆಯಿಲ್ಲ; ಅಡಕತ್ತರಿಯಿಂದ ಹೋಳು ಮಾಡಿ ಮೂಸಿ, ಒಳಗಿನ ಬೂಷ್ಟು ನೋಡಿದರೆ ಸಾಕು.

ಇಂಥ ಹೆಸರುಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿ, ಬಿಯರ್ ರುಚಿ ಚಕ್ರವನ್ನು 1970ರ ದಶಕದಲ್ಲಿ ರೂಪಿಸಿದವರಲ್ಲಿ ಮಾರ್ಟನ್ ಮೈಲ್‌ಗಾರ್ಡ್ ಪ್ರಮುಖರು. ಕಾಫಿಯ ರುಚಿ ಚಕ್ರ ಅಮೆರಿಕದಲ್ಲಿ ಬಂದದ್ದು 1995ರಲ್ಲಿ; 2016ರಲ್ಲಿ ಅದನ್ನು ಪರಿಷ್ಕರಿಸಿದರು. ಈ ವಿದ್ಯೆಯಲ್ಲಿ ಬಿಯರ್‌ನವರು ನಮಗಿಂತ ಮುಂದೆ ನಡೆದವರು.

ತ್ರಿಕೋನ ಪರೀಕ್ಷೆ

ಹೋಲಿಕೆಯ ಅತ್ಯಂತ ಉಪಯುಕ್ತ ಉಪಕರಣವೂ ಬ್ರೂವರಿಯ ಕೊಡುಗೆಯೇ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ಇದು ಬಳಕೆಗೆ ಬಂತು. ಮೂರು ಲೋಟ ಇಡುವುದು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಕೇಳುವುದು. ಉತ್ತಮವೋ ಅಲ್ಲವೋ ಎಂದು ಕೇಳುವುದಿಲ್ಲ. ವ್ಯತ್ಯಾಸವೇ ತಿಳಿಯದಿದ್ದರೆ ಯಾವುದು ಉತ್ತಮವೆಂಬ ಚರ್ಚೆಗೆ ಅರ್ಥವಿಲ್ಲ.

ಲೆಕ್ಕ ಹೀಗೆ. ಏನೂ ತಿಳಿಯದೆ ಬೆರಳು ತೋರಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆರು ಜನ ಪರೀಕ್ಷೆಗೆ ಕುಳಿತರೆ ಬರಿಯ ಊಹೆಯಿಂದಲೇ ಇಬ್ಬರು ಸರಿ ಹೇಳಬಹುದು. ನಾಲ್ಕು ಅಥವಾ ಹೆಚ್ಚು ಮಂದಿ ಊಹೆಯಿಂದ ಸರಿ ಹೇಳುವ ಸಂಭವ ನೂರಕ್ಕೆ ಹತ್ತು. ಐದು ಅಥವಾ ಹೆಚ್ಚು ಮಂದಿ ಹೇಳುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಆದುದರಿಂದ ಆರರಲ್ಲಿ ಐವರು ಗುರುತಿಸಿದರೆ ಮಾತ್ರ ವ್ಯತ್ಯಾಸ ಇದೆಯೆಂದು ನಂಬಬೇಕು. ಹನ್ನೆರಡು ಜನರಿದ್ದರೆ ಎಂಟು ಮಂದಿ ಗುರುತಿಸಬೇಕು.

ಇಷ್ಟು ಸಣ್ಣ ಸಂಖ್ಯೆಯಿಂದ ನಿರ್ಧಾರಕ್ಕೆ ಬರಬಹುದೇ ಎಂಬ ಸಂಶಯ ಬರಬಹುದು. ಸಣ್ಣ ಸಂಖ್ಯೆಯ ಲೆಕ್ಕಶಾಸ್ತ್ರವನ್ನು ಕಟ್ಟಿದವನೂ ಬ್ರೂವರಿಯ ನೌಕರನೇ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ ಬಾರ್ಲಿ, ಹಾಪ್ಸ್‌ಗಳ ಕೆಲವೇ ಮಾದರಿಗಳಿಂದ ತೀರ್ಮಾನಕ್ಕೆ ಬರುವ ಬಗೆಯನ್ನು ಯೋಚಿಸಿ, 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದನು. ಇಂದು ಎಲ್ಲ ಕೃಷಿ ವಿಶ್ವವಿದ್ಯಾನಿಲಯಗಳಲ್ಲೂ ಕಲಿಸುವ 'ಟಿ' ಪರೀಕ್ಷೆ ಅದೇ.

ನಮ್ಮ ಕಾಫಿಯನ್ನು ಕುಡಿದ ದಿನ

ಊರಿಗೆ ಬಂದ ಮೇಲೆ, ಬೆಲೆ ಇಳಿಸಿಕೊಂಡ ಆ ಸದಸ್ಯರ ಮನೆಯಲ್ಲೇ ಆರು ಮಂದಿ ಸೇರಿದೆವು. ಅವರ ಬಳಿ ಎರಡು ದಿನದ ಕೊಯ್ಲಿನ ಪಾರ್ಚ್‌ಮೆಂಟ್ ಬೇರೆ ಬೇರೆ ಚೀಲದಲ್ಲಿ ಉಳಿದಿತ್ತು. ಒಂದನ್ನು ಸಕಾಲಕ್ಕೆ ತೊಳೆದಿದ್ದರು. ಇನ್ನೊಂದು, ಪಂಪು ಕೆಟ್ಟು ನೀರಿಲ್ಲದೆ ಮೂರು ದಿನ ತೊಟ್ಟಿಯಲ್ಲೇ ಉಳಿದದ್ದು. ಮಾರುವಾಗ ಎರಡನ್ನೂ ಕೂಡಿಸಿಯೇ ಕೊಟ್ಟಿದ್ದರು.

ಎರಡನ್ನೂ ಸಿಪ್ಪೆ ಬಿಡಿಸಿ, ಒಂದೇ ದಿನ, ಒಂದೇ ಬಾಣಲೆಯಲ್ಲಿ, ಒಂದೇ ಬಣ್ಣಕ್ಕೆ ಹುರಿದು ಮಾರನೆಯ ದಿನ ಪುಡಿ ಮಾಡಿದೆವು. ಕಪ್ ಪರೀಕ್ಷೆಗೆ ಅಂಗೀಕೃತವಾದ ಅಳತೆ 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ. ಅಕ್ಕಸಾಲಿಗರ ಚಿಕ್ಕ ತಕ್ಕಡಿ ಸಾಕು. ಒಣ ಪುಡಿಯನ್ನು ಮೂಸಿ, ಸುಮಾರು 93 ಡಿಗ್ರಿಯ ನೀರು, ಅಂದರೆ ಕುದಿದು ಅರೆನಿಮಿಷ ಆರಿದ ನೀರು ಹೊಯ್ದು, ನಾಲ್ಕು ನಿಮಿಷದ ಮೇಲೆ ಚಮಚದಿಂದ ಮೇಲಿನ ಕೆನೆ ಒಡೆದು ಮೂಸಬೇಕು. ಗಸಿ ತೆಗೆದು, ಬಾಯಿ ಸುಡದಷ್ಟು ಆರಿದ ಮೇಲೆ ಚಮಚದಿಂದ ಸುರ್ರೆಂದು ಹೀರಬೇಕು. ಹಾಲು, ಸಕ್ಕರೆ, ಚಿಕೋರಿ ಏನೂ ಇಲ್ಲ.

ಆರು ಜನರಿಗೆ ಆರು ಬೇರೆ ಬೇರೆ ಅನುಕ್ರಮದಲ್ಲಿ ಮೂರು ಮೂರು ಬಟ್ಟಲು ಇಟ್ಟೆವು. ಮನೆಯಾಕೆ ಒಳಗೆ ಕುಳಿತು ಸಂಕೇತಗಳ ಚೀಟಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಚೀಟಿ ಬಿಡಿಸಿದಾಗ ಐವರು ಸರಿಯಾಗಿ ಗುರುತಿಸಿದ್ದರು. ನಾಲ್ವರ ಟಿಪ್ಪಣಿಯಲ್ಲಿ 'ಹುಳಿತ ಹಣ್ಣು', 'ಕಾಡಿ' ಎಂಬ ಮಾತುಗಳಿದ್ದವು. ಶಹಾಬಜಾರದ ಮೂರನೆಯ ಗಡಿಗೆ ಎಲ್ಲರಿಗೂ ನೆನಪಾಯಿತು. ಆ ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ಆದರೆ ಅರ್ಧ ಚೀಲಕ್ಕೆ ಮಾತ್ರ ಸತ್ಯ. ಕೂಡಿಸಿ ಕೊಟ್ಟು ಒಳ್ಳೆಯದನ್ನೂ ನಾನೇ ಕೆಡಿಸಿದೆ" ಎಂದರು.

ಅದೇ ದಿನ ಎರಡನೆಯ ಪರೀಕ್ಷೆಯನ್ನೂ ಮಾಡಿದೆವು. ಇನ್ನೊಬ್ಬ ಸದಸ್ಯರು ಸಿಮೆಂಟು ಕಣದ ಬದಲು ಜಾಲರಿ ಮಂಚಗಳನ್ನು ಮಾಡಿಸಲು ಸಾಲ ತೆಗೆಯುವ ಯೋಚನೆಯಲ್ಲಿದ್ದರು. ಕಣದ ಮೇಲೆ ಒಣಗಿಸಿದ್ದು ಮತ್ತು ಎರವಲು ತಂದ ಜಾಲರಿಯ ಮೇಲೆ ಒಣಗಿಸಿದ್ದು, ಎರಡನ್ನೂ ಹೋಲಿಸಿದೆವು. ಆರರಲ್ಲಿ ಸರಿ ಹೇಳಿದವರು ಇಬ್ಬರೇ, ಅಂದರೆ ಊಹೆಯಷ್ಟೇ. ಜಾಲರಿಯಿಂದ ಪ್ರಯೋಜನವೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆ ವರ್ಷದ ಆ ಕಾಫಿಯಲ್ಲಿ ನಮ್ಮ ಆರು ನಾಲಗೆಗಳಿಗೆ ಭೇದ ಸಿಗಲಿಲ್ಲ, ಅಷ್ಟೆ. ಆದರೂ ಸಾಲದ ಅರ್ಜಿ ಒಂದು ವರ್ಷ ಮುಂದಕ್ಕೆ ಹೋಯಿತು, ಪಂಪಿನ ದುರಸ್ತಿ ಮೊದಲಿಗೆ ಬಂತು.

ಸಾರಾಂಶ

ಒಂದೇ ಲೋಟ ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದಿದ್ದರೆ ಅದು ಮಾತನಾಡುತ್ತದೆ. ಹೆಸರು ಮುಚ್ಚಿ ನೋಡಬೇಕು. ಇಷ್ಟಕ್ಕಿಂತ ಮೊದಲು ಭೇದವನ್ನು ಕೇಳಬೇಕು. ದೋಷಕ್ಕೆ ಹೆಸರಿಟ್ಟರೆ ಅದರ ಮನೆ ಸಿಗುತ್ತದೆ. ಇದಕ್ಕೆಲ್ಲ ಬಿಯರೇ ಬೇಕೆಂದಿಲ್ಲ. ಮೂರು ಗಡಿಗೆ ಅಂಬಲಿಯೂ ಸಾಕು. ಮನೆಯ ಪರೀಕ್ಷೆಯಿಂದ ಮುಂದೆ ಹೋಗಬಯಸುವವರಿಗೆ ಕಾಫಿ ಮಂಡಳಿಯ ಗುಣಮಟ್ಟ ವಿಭಾಗವಿದೆ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಆದರೆ ಅಲ್ಲಿಗೆ ಹೋಗುವ ಮೊದಲು ನಮ್ಮ ಕಾಫಿಯನ್ನು ನಾವು ಒಮ್ಮೆಯಾದರೂ ಕುಡಿದಿರಬೇಕು.

ಅಭ್ಯಾಸಕ್ಕೆ

1. ಈ ಕೊಯ್ಲಿನಲ್ಲಿ ಪ್ರತಿ ದಿನದ ಪಾರ್ಚ್‌ಮೆಂಟಿನಿಂದ ಕಾಲು ಕಿಲೋ ತೆಗೆದು, ಕೊಯ್ದ ದಿನ, ತೊಟ್ಟಿಗೆ ಹಾಕಿದ ವೇಳೆ, ತೊಳೆದ ವೇಳೆ ಬರೆದ ಚೀಟಿಯೊಡನೆ ಬೇರೆ ಇಡಿರಿ.

2. ಕಾಡಿ, ಗೋಣಿಚೂರು, ಒದ್ದೆ ಮಣ್ಣು, ಹಸಿ ಹುಲ್ಲು, ಬೆಲ್ಲ, ನಿಂಬೆಸಿಪ್ಪೆ, ಇವುಗಳನ್ನು ಮುಚ್ಚಳವುಳ್ಳ ಆರು ಸೀಸೆಗಳಲ್ಲಿಟ್ಟು, ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವುದನ್ನು ಮನೆಮಂದಿಯೆಲ್ಲ ಅಭ್ಯಾಸ ಮಾಡಿರಿ. ಮಕ್ಕಳು ಮುಂದಿರುತ್ತಾರೆ, ನೋಡಿ.

3. ಅಕ್ಕಪಕ್ಕದ ಐವರನ್ನು ಕರೆದು ಒಂದು ತ್ರಿಕೋನ ಪರೀಕ್ಷೆ ನಡೆಸಿರಿ. ಆರರಲ್ಲಿ ಎಷ್ಟು ಮಂದಿ ಸರಿ ಹೇಳಿದರೆಂದು ಕಾರ್ಯಾಲಯಕ್ಕೆ ಒಂದು ಕಾರ್ಡು ಬರೆಯಿರಿ. ಇಬ್ಬರೇ ಹೇಳಿದ್ದರೂ ಬರೆಯಿರಿ, ಅದೂ ಉತ್ತರವೇ.